ಕ್ಯಾವೆಂಡಿಷ್‌ನ ಮನೆ, ಮುಚ್ಚಲಾಗದ ಮೇಲ್ಮನೆ

ಕೆನಡಾದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಮಾನ ಹರಾಜಾದದ್ದು ಒಂದು ಮನೆಯ ದೆಸೆಯಿಂದ. ಪ್ರಿನ್ಸ್ ಎಡ್ವರ್ಡ್ ದ್ವೀಪದ ಕ್ಯಾವೆಂಡಿಷ್‌ನಲ್ಲಿರುವ ಆ ಮನೆ ಮೈಕ್ ಡಫಿ ಅವರದು. ಬೇಸಿಗೆಯಲ್ಲಿ ಪ್ರವಾಸಿಗರು ಕಿಕ್ಕಿರಿಯುವ, ಹಿಮ ಬೀಳತೊಡಗಿದರೆ ಬಿಕೋ ಎನ್ನುವ ಕಡಲ ದಂಡೆಯ ಊರದು. ಟಿವಿ ಪತ್ರಕರ್ತರಾಗಿ ರಾಜಕಾರಣಿಗಳನ್ನು ಪ್ರಶ್ನಿಸುತ್ತಿದ್ದ ಡಫಿ, 2008ರ ಡಿಸೆಂಬರ್‌ನಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಅವರ ಶಿಫಾರಸಿನ ಮೇಲೆ ಸೆನೆಟ್‌ಗೆ ಹೆಸರಿಸಲ್ಪಟ್ಟರು. ಕುಳಿತದ್ದು ಹುಟ್ಟಿದ ದ್ವೀಪದ ಪ್ರತಿನಿಧಿಯಾಗಿ. ಸಂಸಾರ ಮಾತ್ರ ಬಹುಕಾಲದಿಂದ ರಾಜಧಾನಿ ಒಟ್ಟಾವದ ಅಂಚಿನ ಕನಾಟಾದಲ್ಲಿತ್ತು.

ಮುಖ್ಯ ನಿವಾಸ ಸಂಸತ್ ಭವನದಿಂದ 100 ಕಿಲೋಮೀಟರ್‌ಗಿಂತ ದೂರವಿದ್ದರೆ, ರಾಜಧಾನಿಯಲ್ಲಿ ತಂಗುವ ಖರ್ಚಿಗೆಂದು ಸೆನೆಟ್ ವರ್ಷಕ್ಕೆ ಸುಮಾರು 22,000 ಡಾಲರ್‌ವರೆಗೆ ಭತ್ಯೆ ಕೊಡುತ್ತಿತ್ತು. ಕ್ಯಾವೆಂಡಿಷ್‌ನ ಮನೆಯೇ ತಮ್ಮ ಮುಖ್ಯ ನಿವಾಸವೆಂದು ಡಫಿ ಬರೆದುಕೊಟ್ಟರು. ಕನಾಟಾದ ಸ್ವಂತ ಮನೆಯಲ್ಲಿ ಮಲಗಿದ್ದಕ್ಕೆ ಭತ್ಯೆ ಪಡೆದರು.

ಇದು ಮೋಸವಲ್ಲದೆ ಮತ್ತೇನು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ 1867ರ ಸಂವಿಧಾನವನ್ನು ಒಮ್ಮೆ ತೆರೆದು ನೋಡಬೇಕು. ಸೆನೆಟರ್ ಆಗುವವರು ತಾವು ಪ್ರತಿನಿಧಿಸುವ ಪ್ರಾಂತ್ಯದಲ್ಲೇ ವಾಸವಿರಬೇಕು, ಅಲ್ಲಿ 4,000 ಡಾಲರ್ ಬೆಲೆಯ ಸ್ಥಿರಾಸ್ತಿ ಇರಬೇಕು ಎಂದು ಅದು ಹೇಳುತ್ತದೆ. ‘ನನ್ನ ಮನೆ ಕನಾಟಾ’ ಎಂದು ಡಫಿ ಒಪ್ಪಿಕೊಂಡಿದ್ದರೆ ಭತ್ಯೆಯ ಜೊತೆಗೆ ಕುರ್ಚಿಯೂ ಹೋಗುವ ಅಪಾಯವಿತ್ತು. ಈ ಷರತ್ತು ಹಿಂದಿನಿಂದಲೂ ಕಾಗದದ ಮೇಲಿನ ಶಾಸ್ತ್ರವೇ. 1997ರಲ್ಲಿ ಪೆಗ್ಗಿ ಬಟ್ಸ್ ಎಂಬ ಕ್ರೈಸ್ತ ಸನ್ಯಾಸಿನಿಯನ್ನು ನೇಮಿಸಿದಾಗ, ಬಡತನದ ವ್ರತ ತೊಟ್ಟ ಅವರ ಹೆಸರಿನಲ್ಲಿ ಚೂರು ಭೂಮಿಯೂ ಇರಲಿಲ್ಲ. ಅವರ ಮಠವೇ ಒಂದು ತುಂಡು ಜಮೀನನ್ನು ಅವರ ಹೆಸರಿಗೆ ವರ್ಗಾಯಿಸಿ ಶಾಸ್ತ್ರ ಮುಗಿಸಿತು.

ಆಸ್ತಿಯ ಷರತ್ತು ಆಕಸ್ಮಿಕವೇನಲ್ಲ. ಕೆಳಮನೆಯ ಆವೇಶಕ್ಕೆ ಕಡಿವಾಣ ಹಾಕುವ ಉಳ್ಳವರ ಸಭೆಯೊಂದು ಬೇಕೆಂಬುದು ಕೆನಡಾ ಕಟ್ಟಿದವರ ಲೆಕ್ಕಾಚಾರವಾಗಿತ್ತು. ‘ಸಮಚಿತ್ತದ ಮರುಯೋಚನೆ’ ಎಂದು ಮೊದಲ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ಅದಕ್ಕೆ ಕೊಟ್ಟ ಹೆಸರು ಇಂದಿಗೂ ಸೆನೆಟ್‌ಗೆ ಅಂಟಿಕೊಂಡಿದೆ. ಇನ್ನೊಂದು ಕಾರಣ ಹೆಚ್ಚು ಗಟ್ಟಿಯಾದದ್ದು. ಜನಸಂಖ್ಯೆಯ ಪ್ರಕಾರ ಕೆಳಮನೆ ರಚನೆಯಾದರೆ ಒಂಟಾರಿಯೊ ಎಲ್ಲರನ್ನೂ ನುಂಗಿಬಿಡುತ್ತದೆಂಬ ಭಯ ಕ್ವಿಬೆಕ್‌ಗೂ ಕಡಲತೀರದ ಪ್ರಾಂತ್ಯಗಳಿಗೂ ಇತ್ತು. ಹಾಗಾಗಿ ಮೇಲ್ಮನೆಯಲ್ಲಿ ಮೂರು ಪ್ರದೇಶಗಳಿಗೂ ತಲಾ 24 ಸ್ಥಾನ ಸಿಕ್ಕವು. ಒಕ್ಕೂಟ ಕೂಡಿಬಂದದ್ದೇ ಈ ಒಪ್ಪಂದದ ಮೇಲೆ. ಇಂದು ಒಟ್ಟು ಸ್ಥಾನ 105. ಚುನಾವಣೆಯಿಲ್ಲ, ಪ್ರಧಾನಿಯ ಸಲಹೆಯ ಮೇರೆಗೆ ನೇಮಕ. 1965ರವರೆಗೆ ಅದು ಸಾಯುವ ತನಕದ ಹುದ್ದೆ, ಆಮೇಲೆ 75ಕ್ಕೆ ನಿವೃತ್ತಿ.

ಇಂಥ ಸದನ ಬೇಡವೇ ಬೇಡ ಎಂಬ ಕೂಗು ಡಫಿಗಿಂತ ಬಹಳ ಹಳೆಯದು. ಇಂದಿನ ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಎಂಬ ಎಡಪಂಥೀಯ ಪಕ್ಷದ ಪೂರ್ವಜರು 1933ರಲ್ಲೇ ತಮ್ಮ ರೆಜೈನಾ ಪ್ರಣಾಳಿಕೆಯಲ್ಲಿ ಅದನ್ನು ಬರೆದಿಟ್ಟಿದ್ದರು. ಕೆಲವು ಪ್ರಾಂತ್ಯಗಳಿಗೂ ಒಂದು ಕಾಲಕ್ಕೆ ಮೇಲ್ಮನೆಗಳಿದ್ದವು. ಮ್ಯಾನಿಟೋಬಾ 1876ರಲ್ಲಿ ತನ್ನದನ್ನು ಮುಚ್ಚಿತು, ಕೊನೆಯದಾಗಿ ಕ್ವಿಬೆಕ್ 1968ರಲ್ಲಿ. ಅಲ್ಲೆಲ್ಲ ಆಡಳಿತವೇನೂ ಕುಸಿದುಬೀಳಲಿಲ್ಲ. 1980ರ ದಶಕದಲ್ಲಿ ಆಲ್ಬರ್ಟಾ ಬೇರೆ ರಾಗ ತೆಗೆಯಿತು: ಮುಚ್ಚುವುದು ಬೇಡ, ಚುನಾಯಿಸೋಣ, ಎಲ್ಲ ಪ್ರಾಂತ್ಯಗಳಿಗೂ ಸಮಪಾಲು ಕೊಡೋಣ. ಚುನಾಯಿತ ಸೆನೆಟ್‌ನ ಪ್ರಸ್ತಾವವೂ ಸೇರಿದ್ದ ಷಾರ್ಲಟ್‌ಟೌನ್ ಒಪ್ಪಂದವನ್ನು 1992ರ ಜನಮತಗಣನೆ ತಿರಸ್ಕರಿಸಿತು.

ನಡುನಡುವೆ ಸೆನೆಟರ್‌ಗಳೇ ಈ ಕೂಗಿಗೆ ತುಪ್ಪ ಸುರಿಯುತ್ತಿದ್ದರು. ಹೆಚ್ಚಿನ ಸಮಯ ಮೆಕ್ಸಿಕೊದಲ್ಲಿ ಕಳೆಯುತ್ತ ಸದನಕ್ಕೆ ಅಪರೂಪದ ಅತಿಥಿಯಾಗಿದ್ದ ಆಂಡ್ರೂ ಥಾಂಪ್ಸನ್ ಅವರನ್ನು 1998ರಲ್ಲಿ ಸಂಬಳವಿಲ್ಲದೆ ಅಮಾನತು ಮಾಡಬೇಕಾಯಿತು. ಸುಳ್ಳು ಪ್ರಯಾಣ ಭತ್ಯೆ ಪಡೆದದ್ದಕ್ಕೆ, ಕಚೇರಿ ಸಿಬ್ಬಂದಿಯಿಂದ ತಮ್ಮ ಜಾಗದ ಮರ ಕಡಿಸಿದ್ದಕ್ಕೆ ರೇಮಂಡ್ ಲವೀನ್ 2011ರಲ್ಲಿ ಜೈಲು ಶಿಕ್ಷೆಗೆ ಗುರಿಯಾದರು. ಆದರೂ ಜನ ‘ಯಾರೋ ಒಬ್ಬರು’ ಎಂದು ಸುಮ್ಮನಾಗುತ್ತಿದ್ದರು.

2013ರಲ್ಲಿ ಹಾಗೆ ಸುಮ್ಮನಾಗಲು ಆಗಲಿಲ್ಲ. ಡಫಿ, ಪ್ಯಾಟ್ರಿಕ್ ಬ್ರಾಜೋ, ಮ್ಯಾಕ್ ಹಾರ್ಬ್ ಅವರ ವಸತಿ ಭತ್ಯೆಯೂ ಪಮೇಲಾ ವಾಲಿನ್ ಅವರ ಪ್ರಯಾಣದ ಬಿಲ್ಲುಗಳೂ ಒಟ್ಟೊಟ್ಟಿಗೆ ಬಯಲಾದವು. ಡಫಿ ಮರುಪಾವತಿಸಿದ 90,172 ಡಾಲರ್ ಅವರದಲ್ಲ, ಪ್ರಧಾನಿ ಕಚೇರಿಯ ಮುಖ್ಯಾಧಿಕಾರಿ ನೈಜಲ್ ರೈಟ್ ಸ್ವಂತ ಖಾತೆಯಿಂದ ಕೊಟ್ಟದ್ದು ಎಂಬ ಸುದ್ದಿ ಮೇ ತಿಂಗಳಲ್ಲಿ ಸ್ಫೋಟಿಸಿತು. ರೈಟ್ ರಾಜೀನಾಮೆ ಕೊಟ್ಟರು. ನವೆಂಬರ್‌ನಲ್ಲಿ ಡಫಿ, ವಾಲಿನ್, ಬ್ರಾಜೋ ಅಮಾನತಾದರು. ಹಾರ್ಬ್ ಅಷ್ಟರಲ್ಲಾಗಲೇ ನಿವೃತ್ತಿ ಪಡೆದಿದ್ದರು. ಡಫಿ ಮೇಲೆ 31 ಆರೋಪಗಳು ಬಿದ್ದವು. 2016ರ ಏಪ್ರಿಲ್‌ನಲ್ಲಿ ನ್ಯಾಯಾಧೀಶ ಚಾರ್ಲ್ಸ್ ವಾಯನ್‌ಕೋರ್ಟ್ ಮೂವತ್ತೊಂದನ್ನೂ ತಳ್ಳಿಹಾಕಿ, ಪ್ರಧಾನಿ ಕಚೇರಿಯ ನಡತೆಯನ್ನೇ ಕಟುವಾಗಿ ಟೀಕಿಸಿದರು. ‘ಮುಖ್ಯ ನಿವಾಸ’ ಎಂದರೇನೆಂದು ಸೆನೆಟ್‌ನ ನಿಯಮಗಳೇ ನೆಟ್ಟಗೆ ಹೇಳಿರಲಿಲ್ಲ. ಈ ಮಾತನ್ನು 2013ರಲ್ಲಿ ಹೊರಗಿನ ಲೆಕ್ಕಪರಿಶೋಧಕರೂ ಹೇಳಿದ್ದರು. ಬೇಲಿಯೇ ಇಲ್ಲದ ಹೊಲದಲ್ಲಿ ದನ ನುಗ್ಗಿತೆಂದು ಯಾರ ಮೇಲೆ ದೂರು ಕೊಡುವುದು?

ಈ ನಡುವೆ ಮಹಾಲೆಕ್ಕಪರಿಶೋಧಕ ಮೈಕಲ್ ಫರ್ಗ್ಯುಸನ್ ಎರಡು ವರ್ಷ ಕುಳಿತು ಪ್ರತಿ ಸೆನೆಟರ್‌ನ ರಸೀದಿಯನ್ನೂ ತಿರುವಿ ಹಾಕಿದರು. ವಿಮಾನದಲ್ಲಿ ಪುಕ್ಕಟೆ ತಿಂಡಿ ಸಿಗುವಾಗ ಬೆಳಗಿನ ಉಪಾಹಾರಕ್ಕೆ ಬಿಲ್ ಹಾಕಿದ್ದೇಕೆಂಬ ಪ್ರಶ್ನೆಗೆ ಸೆನೆಟರ್ ನ್ಯಾನ್ಸಿ ರೂತ್, ಆ ತಣ್ಣನೆಯ ಚೀಸನ್ನೂ ಮುರುಕು ಬಿಸ್ಕತ್ತನ್ನೂ ತಿನ್ನುವುದು ಹೇಗೆ ಎಂಬರ್ಥದ ಉತ್ತರ ಕೊಟ್ಟು ದೇಶವನ್ನೆಲ್ಲ ಕೆರಳಿಸಿದರು. 2015ರ ಜೂನ್‌ನಲ್ಲಿ ವರದಿ ಬಂತು: 30 ಹಾಲಿ ಮತ್ತು ಮಾಜಿ ಸೆನೆಟರ್‌ಗಳ ಸುಮಾರು 10 ಲಕ್ಷ ಡಾಲರ್ ಖರ್ಚು ಪ್ರಶ್ನಾರ್ಹ, ಒಂಬತ್ತು ಪ್ರಕರಣ ಪೊಲೀಸರಿಗೆ. ಪರಿಶೋಧನೆಗೇ 2.3 ಕೋಟಿ ಡಾಲರ್‌ಗೂ ಹೆಚ್ಚು ವೆಚ್ಚವಾಗಿತ್ತು. ಬೆಟ್ಟ ಅಗೆದು ಇಲಿ ಹಿಡಿದರೆಂದು ಆಡಿಕೊಂಡವರು ಹಲವರು. ನನಗೆ ಹಾಗನ್ನಿಸುವುದಿಲ್ಲ. ವರದಿಯ ತಿರುಳು ಮೊತ್ತದಲ್ಲಿರಲಿಲ್ಲ. ಸೆನೆಟರ್‌ಗಳ ಖರ್ಚನ್ನು ಸೆನೆಟರ್‌ಗಳೇ ನೋಡಿಕೊಳ್ಳುವ ಪದ್ಧತಿ ನಿಲ್ಲಬೇಕು, ಉಸ್ತುವಾರಿ ಮಂಡಳಿಯಲ್ಲಿ ಹೊರಗಿನವರೇ ಹೆಚ್ಚಿರಬೇಕು ಎಂದು ಅದು ಹೇಳಿತ್ತು. ಸೆನೆಟ್ ಯೋಚಿಸಿ ಯೋಚಿಸಿ 2020ರಲ್ಲಿ ಒಂದು ಸಮಿತಿ ರಚಿಸಿತು. ಐವರಲ್ಲಿ ಇಬ್ಬರು ಹೊರಗಿನವರು, ಮೂವರು ಸೆನೆಟರ್‌ಗಳು!

ಜನರ ಸಿಟ್ಟು ರದ್ದತಿಯ ಕಡೆ ಹರಿದದ್ದು ಸಹಜವೇ. ಎನ್‌ಡಿಪಿ ನಾಯಕ ಟಾಮ್ ಮಲ್ಕೇರ್ 2013ರಲ್ಲಿ ಅದಕ್ಕೆಂದೇ ಪ್ರಚಾರ ನಡೆಸಿದರು. ಹಾರ್ಪರ್ ಸರ್ಕಾರ ಸುಪ್ರೀಂ ಕೋರ್ಟ್‌ನ ಅಭಿಪ್ರಾಯ ಕೇಳಿತು. 2014ರ ಏಪ್ರಿಲ್ 25ರಂದು ಸಿಕ್ಕ ಉತ್ತರ ಹೀಗಿತ್ತು: ಚುನಾವಣೆ ಅಥವಾ ಅವಧಿ ಮಿತಿ ತರಲು ದೇಶದ ಅರ್ಧದಷ್ಟಾದರೂ ಜನಸಂಖ್ಯೆಯುಳ್ಳ ಏಳು ಪ್ರಾಂತ್ಯಗಳು ಒಪ್ಪಬೇಕು, ರದ್ದತಿಗೆ ಹತ್ತಕ್ಕೆ ಹತ್ತೂ ಒಪ್ಪಬೇಕು. 2015ರ ಜುಲೈನಲ್ಲಿ ಹಾರ್ಪರ್ ಇನ್ನು ನೇಮಕವೇ ಇಲ್ಲವೆಂದರು. ಆಗಲೇ 22 ಕುರ್ಚಿಗಳು ಖಾಲಿಯಿದ್ದವು. ಕೆಲವೇ ತಿಂಗಳಲ್ಲಿ ಅವರು ಚುನಾವಣೆ ಸೋತರು. ಹೊಸ ಪ್ರಧಾನಿ ಜಸ್ಟಿನ್ ಟ್ರೂಡೊ, ಸಂವಿಧಾನದ ಗೊಡವೆಗೇ ಹೋಗದೆ, ಹೆಸರು ಸೂಚಿಸುವ ಸ್ವತಂತ್ರ ಸಲಹಾ ಮಂಡಳಿಯೊಂದನ್ನು ಮಾಡಿದರು.

ಹತ್ತೂ ಪ್ರಾಂತ್ಯಗಳು ಒಪ್ಪುತ್ತವೆಯೇ? ಡಫಿ ಅವರ ದ್ವೀಪವನ್ನೇ ನೋಡಿ. ಜನಸಂಖ್ಯೆ ಎರಡು ಲಕ್ಷಕ್ಕೂ ಕಡಿಮೆ, ಸೆನೆಟ್‌ನಲ್ಲಿ ನಾಲ್ಕು ಸ್ಥಾನ. ಐವತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಬ್ರಿಟಿಷ್ ಕೊಲಂಬಿಯಾಕ್ಕೆ ಆರೇ ಸ್ಥಾನ. ಅಷ್ಟೇ ಅಲ್ಲ, ಯಾವ ಪ್ರಾಂತ್ಯದ ಕೆಳಮನೆ ಸದಸ್ಯರ ಸಂಖ್ಯೆಯೂ ಅದರ ಸೆನೆಟರ್‌ಗಳ ಸಂಖ್ಯೆಗಿಂತ ಇಳಿಯಬಾರದೆಂದು 1915ರಲ್ಲಿ ಸಂವಿಧಾನಕ್ಕೆ ಸೇರಿಸಲಾಗಿದೆ. ದ್ವೀಪ ಕೆಳಮನೆಯಲ್ಲಿ ನಾಲ್ಕು ಸ್ಥಾನ ಉಳಿಸಿಕೊಂಡಿರುವುದು ಇದರ ಬಲದಿಂದಲೇ.

ಡಫಿ ಖುಲಾಸೆಯಾಗಿ ಸದನಕ್ಕೆ ಮರಳಿದರು. ತಮ್ಮನ್ನು ಅಮಾನತು ಮಾಡಿದ ಸೆನೆಟ್ ಮೇಲೆ ಪರಿಹಾರ ಕೋರಿ ಹೂಡಿದ ದಾವೆ, ಸಂಸದೀಯ ವಿಶೇಷಾಧಿಕಾರದ ಗೋಡೆಗೆ ಬಡಿದು ಬಿತ್ತು. 2021ರ ಮೇ ತಿಂಗಳಲ್ಲಿ, 75 ತುಂಬಿದ ದಿನ, ದ್ವೀಪದ ಸೆನೆಟರ್ ಆಗಿಯೇ ನಿವೃತ್ತರಾದರು.