ಟಾಲ್, ಟಾಲರ್, ಟಾಲೆಸ್ಟ್: ಇಂಗ್ಲಿಷಿನ ತರತಮ

ನಮ್ಮ ಕರಾವಳಿಯಲ್ಲಿ ಮೂರು ದೊಡ್ಡ ಏಕಶಿಲಾ ಗೊಮ್ಮಟ ಮೂರ್ತಿಗಳಿವೆ. ಕಾರ್ಕಳದ್ದು ಸುಮಾರು 42 ಅಡಿ, ಧರ್ಮಸ್ಥಳದ್ದು 39 ಅಡಿ, ವೇಣೂರಿನದು 35 ಅಡಿ. ಕನ್ನಡದಲ್ಲಿ ಇವನ್ನು ಹೋಲಿಸುವುದು ಸುಲಭ. ವೇಣೂರಿನ ಮೂರ್ತಿ ಎತ್ತರ. ಧರ್ಮಸ್ಥಳದ್ದು ಅದಕ್ಕಿಂತ ಎತ್ತರ. ಕಾರ್ಕಳದ್ದು ಮೂರರಲ್ಲೇ ಎತ್ತರ. ಮೂರು ವಾಕ್ಯದಲ್ಲೂ 'ಎತ್ತರ' ಅನ್ನುವ ಪದ ಇದ್ದ ಹಾಗೇ ಇದೆ, ಅಲ್ವಾ? ಹೋಲಿಕೆಯ ಕೆಲಸವನ್ನೆಲ್ಲ 'ಇಂತ', 'ಅಲ್ಲೇ' ಮಾಡಿ ಮುಗಿಸಿದವು. ತುಳುವಿನ ಮಲ್ಲ, ಎಲ್ಯ ಕೂಡ ಹೋಲಿಕೆಗೆಂದು ರೂಪ ಬದಲಿಸುವುದಿಲ್ಲ.

ಇಂಗ್ಲಿಷಿನಲ್ಲಿ ಗುಣ ಹೇಳುವ ಪದವೇ ಬದಲಾಗಬೇಕು. ಟಾಲ್ ಅಂದರೆ ಎತ್ತರ, ಟಾಲರ್ ಅಂದರೆ ಇನ್ನೊಂದಕ್ಕಿಂತ ಎತ್ತರ, ಟಾಲೆಸ್ಟ್ ಅಂದರೆ ಗುಂಪಿನಲ್ಲೇ ಎತ್ತರ. ಶಾಲೆಯಲ್ಲಿ ಇವಕ್ಕೆ ಪಾಸಿಟಿವ್, ಕಂಪ್ಯಾರೆಟಿವ್, ಸುಪರ್ಲೇಟಿವ್ ಡಿಗ್ರಿ ಅನ್ನುತ್ತಾರೆ. ಮಕ್ಕಳು 'ಬಿಗ್ ದ್ಯಾನ್' ಅಂತ ಬರೆದರೆ ಅದು ದಡ್ಡತನ ಅಲ್ಲ. 'ಗಿಂತ'ದ ಜಾಗಕ್ಕೆ ದ್ಯಾನ್ ಬಂತಲ್ಲ, ಇನ್ನೇನು ಬೇಕು ಅಂತ ಕನ್ನಡದ ಕಿವಿಗೆ ಅನಿಸುತ್ತದೆ. ದ್ಯಾನ್ ಒಂದೇ ಸಾಲದು, ಬಿಗ್ ಕೂಡ ಬಿಗರ್ ಆಗಬೇಕು. ಈ ವ್ಯತ್ಯಾಸವನ್ನು ಮೊದಲು ತೋರಿಸಿ ಆಮೇಲೆ ನಿಯಮಕ್ಕೆ ಹೋಗಬೇಕು. ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸಿದರೆ ಮಕ್ಕಳಿಗೆ ಏನೂ ಸಿಗುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ತರತಮ ಅಂತ ಹೆಸರಿದೆ. ಸಂಸ್ಕೃತದಲ್ಲಿ ಎರಡರಲ್ಲಿ ಹೆಚ್ಚಿನದಕ್ಕೆ 'ತರ', ಎಲ್ಲಕ್ಕಿಂತ ಹೆಚ್ಚಿನದಕ್ಕೆ 'ತಮ' ಸೇರುತ್ತದೆ. ತಾರತಮ್ಯ ಹುಟ್ಟಿದ್ದೂ ಇವೆರಡರಿಂದಲೇ. ಪತ್ರಿಕೆಯಲ್ಲಿ ಆ ಪದ ಬಂದರೆ ಭೇದಭಾವ ಅಂತ ಅರ್ಥ. ಉಡುಪಿಯಲ್ಲಿ ಮಧ್ವಾಚಾರ್ಯರ ತತ್ತ್ವ ಓದಿದವರಿಗೆ ಅದು ದೇವತೆಗಳಲ್ಲಿ, ಜೀವರಲ್ಲಿ ಒಬ್ಬರಿಗಿಂತ ಒಬ್ಬರು ಮೇಲೆ ಅನ್ನುವ ಕ್ರಮ. ನಮಗಿಲ್ಲಿ ಬೇಕಾದ್ದು ಆ ಎರಡನೆಯ ಅರ್ಥ.

ಇನ್ನು ದೊಡ್ಡ ಪ್ರಶ್ನೆ. ಪದದ ಕೊನೆಗೆ ಇ-ಆರ್ ಸೇರಿಸಬೇಕೋ, ಮುಂದೆ ಮೋರ್ ಹಾಕಬೇಕೋ? ಇದಕ್ಕೆ ಕಣ್ಣಿಗಿಂತ ಕಿವಿ ಒಳ್ಳೆಯದು. ಪದವನ್ನು ಬಾಯಲ್ಲಿ ಹೇಳಿ ನೋಡಿ. ಎಷ್ಟು ಸ್ವರ ಕೇಳುತ್ತದೋ ಅಷ್ಟು ಸಿಲಬಲ್. ಮೀನು ಮಾರ್ಕೆಟ್ಟಿನ ಮೂರು ಪದ ತೆಗೆದುಕೊಳ್ಳಿ. ಬಂಗುಡೆ ಅಂಜಲ್‌ಗಿಂತ ಅಗ್ಗ. ಚೀಪ್‌ನಲ್ಲಿ ಒಂದೇ ಸ್ವರ, ಹಾಗಾಗಿ ಚೀಪರ್. ಅಂಜಲ್ ಬಂಗುಡೆಗಿಂತ ದುಬಾರಿ. ಎಕ್ಸ್‌ಪೆನ್ಸಿವ್‌ನಲ್ಲಿ ಮೂರು ಸ್ವರ, ಅದಕ್ಕೆ ಇ-ಆರ್ ಹತ್ತುವುದಿಲ್ಲ. ಮೋರ್ ಎಕ್ಸ್‌ಪೆನ್ಸಿವ್ ಅನ್ನಬೇಕು. ನಾವು ದಿನಾ ಹೇಳುವ ಕಾಸ್ಟ್ಲಿಯಲ್ಲಿ ಎರಡು ಸ್ವರ, ಕೊನೆಯಲ್ಲಿ ವೈ ಅಕ್ಷರ. ಇಂಥ ಪದದಲ್ಲಿ ವೈ ಹೋಗಿ ಐ ಬಂದು ಕಾಸ್ಟ್ಲಿಯರ್ ಆಗುತ್ತದೆ. ಹ್ಯಾಪಿ, ಈಸಿ, ಹೆವಿ ಎಲ್ಲ ಇದೇ ದಾರಿ. ಸುಪರ್ಲೇಟಿವ್‌ನಲ್ಲೂ ಲೆಕ್ಕ ಇದೇ. ಇ-ಆರ್ ಜಾಗಕ್ಕೆ ಇ-ಎಸ್-ಟಿ, ಮೋರ್ ಜಾಗಕ್ಕೆ ಮೋಸ್ಟ್.

ಎರಡು ಸ್ವರದ ಉಳಿದ ಪದಗಳಲ್ಲಿ ಸ್ವಲ್ಪ ಸಡಿಲ ಇದೆ. ಸಿಂಪಲ್, ಕ್ಲೆವರ್, ನ್ಯಾರೋ, ಕ್ವೈಯಟ್ ಎರಡೂ ರೀತಿ ಸರಿ. ಕೇರ್‌ಫುಲ್, ಯೂಸ್‌ಫುಲ್, ಫೇಮಸ್ ಥರದವಕ್ಕೆ ಮೋರ್ ಬೇಕು. ಬೋರ್ಡ್ (ಬೇಜಾರಾದ), ಟೈರ್ಡ್ (ದಣಿದ) ಹೀಗೆ ಇ-ಡಿಯಿಂದ ಮುಗಿಯುವ ಕ್ರಿಯಾಮೂಲದ ಪದಗಳು ಎಷ್ಟೇ ಚಿಕ್ಕದಿದ್ದರೂ ಮೋರ್ ಅನ್ನೇ ಕೇಳುತ್ತವೆ. ಬೋರ್ಡರ್ ಅಂದರೆ ಅರ್ಥವೇ ಬೇರೆ ಆಗಿಬಿಡುತ್ತದೆ.

ಕಾಗುಣಿತದಲ್ಲಿ ಇನ್ನೊಂದು ತೊಡಕು ಇದೆ. ಬಿಗ್, ಹಾಟ್, ಥಿನ್ ಥರ ಒಂದೇ ಸಿಲಬಲ್‌ನ ಪದದ ಕೊನೆಯಲ್ಲಿ ಒಂದು ಸ್ವರಾಕ್ಷರ, ಒಂದು ವ್ಯಂಜನಾಕ್ಷರ ಇದ್ದರೆ ಆ ವ್ಯಂಜನ ಎರಡಾಗುತ್ತದೆ. ಹಾಟ್‌ನ ಟಿ ಒಂದೇ ಇದ್ದರೆ ಓದುವವರು ಅದನ್ನು 'ಹೋಟರ್' ಅಂತ ಎಳೆದು ಓದುತ್ತಾರೆ. ಹಿಂದಿನ ಸ್ವರ ಚಿಕ್ಕದಾಗಿ ಉಳಿಯಲಿ ಅಂತಲೇ ಇನ್ನೊಂದು ಟಿ. ನಮ್ಮವರು ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಕನ್ನಡದಲ್ಲಿ ಒತ್ತು ಬರೆದರೆ ಒತ್ತಿ ಹೇಳುತ್ತೇವೆ, ಹಾಗಾಗಿ ಬಿಗ್ಗರ್ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಜಿ ಎರಡು ಬರೆದರೂ ಉಚ್ಚಾರ ಒಂದೇ, ಬಿಗರ್. ಕೂಲ್, ಡೀಪ್‌ನಲ್ಲಿ ಸ್ವರಾಕ್ಷರವೇ ಎರಡಿದೆ, ಅಲ್ಲಿ ಏನೂ ಎರಡಾಗುವುದಿಲ್ಲ. ಸ್ಲೋ, ನ್ಯೂ ಪದಗಳ ಕೊನೆಯ ಡಬ್ಲ್ಯೂ ಕೂಡ ಹಾಗೇ ಇರುತ್ತದೆ.

ಗುಡ್, ಬೆಟರ್, ಬೆಸ್ಟ್. ಬ್ಯಾಡ್, ವರ್ಸ್, ವರ್ಸ್ಟ್. ಲಿಟಲ್, ಲೆಸ್, ಲೀಸ್ಟ್. ಮಚ್ ಅಥವಾ ಮೆನಿ, ಮೋರ್, ಮೋಸ್ಟ್. ಇವನ್ನು ಬಾಯಿಪಾಠ ಮಾಡುವುದೇ ದಾರಿ. ಗುಡ್‌ಗೂ ಬೆಟರ್‌ಗೂ ಮೂಲದಲ್ಲಿ ಸಂಬಂಧವೇ ಇಲ್ಲ, ಹಾಗಾಗಿ ನಿಯಮ ಹುಡುಕಿದರೂ ಸಿಗದು. ಇಲ್ಲಿ ಜಾಸ್ತಿ ಕೇಳುವ ತಪ್ಪು 'ಮೋರ್ ಬೆಟರ್'. ಬೆಟರ್ ಒಳಗೇ ಮೋರ್ ಸೇರಿದೆ. ಷೇಕ್ಸ್‌ಪಿಯರ್ ಕಾಲದಲ್ಲಿ ಇಂಗ್ಲಿಷರೂ ಹೀಗೆ ಎರಡೆರಡು ಸಲ ಹೇಳುತ್ತಿದ್ದರು, ಈಗ ಅದು ತಪ್ಪು. 'ಇನ್ನೂ ಎಷ್ಟೋ ಚೆನ್ನಾಗಿದೆ' ಅನ್ನಬೇಕಿದ್ದರೆ ಮಚ್ ಬೆಟರ್ ಅನ್ನಿ.

ಸುಪರ್ಲೇಟಿವ್‌ನಲ್ಲಿ ಪದದ ರೂಪಕ್ಕಿಂತ ಗುಂಪು ಯಾವುದು ಅನ್ನುವುದು ಮುಖ್ಯ. ಕರಾವಳಿಯ ಮೂರರಲ್ಲಿ ಕಾರ್ಕಳದ ಮೂರ್ತಿ ಟಾಲೆಸ್ಟ್. ಗುಂಪಿಗೆ ಶ್ರವಣಬೆಳಗೊಳ ಸೇರಿತೋ, ಅದು ಸುಮಾರು 57 ಅಡಿ, ಕಾರ್ಕಳ ಆ ಪಟ್ಟ ಬಿಟ್ಟುಕೊಡಬೇಕು. ಅದಕ್ಕೇ ಸುಪರ್ಲೇಟಿವ್ ಬಳಸುವಾಗ ಗುಂಪು ಯಾವುದು ಅಂತ ಹೇಳಿಬಿಡುವುದು ಒಳ್ಳೆಯದು. ಜಾಗ ಆದರೆ ಇನ್, ಸಂಖ್ಯೆ ಆದರೆ ಆಫ್. 'ದ ಟಾಲೆಸ್ಟ್ ಇನ್ ಕರ್ನಾಟಕ', 'ದ ಟಾಲೆಸ್ಟ್ ಆಫ್ ದ ತ್ರೀ'. ಮುಂದಿನ ಆ 'ದ' ಬಿಡಬೇಡಿ. ಗುಂಪಿನಲ್ಲಿ ಅಂಥದ್ದು ಇದೊಂದೇ ಅಂತ ತೋರಿಸುವುದು ಅದು.

ಸನ್ಮಾನದ ಭಾಷಣಗಳಲ್ಲಿ 'ಒನ್ ಆಫ್ ದ ಬೆಸ್ಟ್ ಟೀಚರ್' ಅಂತ ಪದೇ ಪದೇ ಕೇಳುತ್ತದೆ. ಟೀಚರ್ಸ್ ಆಗಬೇಕು. ಇಲ್ಲಿ ಕನ್ನಡವೇ ನಮಗೆ ದಾರಿ ತೋರಿಸುತ್ತದೆ. 'ಅತ್ಯುತ್ತಮ ಶಿಕ್ಷಕರಲ್ಲಿ ಒಬ್ಬರು' ಅನ್ನುತ್ತೇವಲ್ಲ, ಅಲ್ಲೂ ಗುಂಪಿಗೆ ಬಹುವಚನವೇ.

ಹತ್ತನೇ ತರಗತಿಯವರಿಗೆ ಡಿಗ್ರಿ ಬದಲಿಸುವ ಅಭ್ಯಾಸ ಬೇಕಾಗುತ್ತದೆ. ಅರ್ಥ ಒಂದೇ, ಹೇಳುವ ರೀತಿ ಮೂರು. ಕಾರ್ಕಳದ ಮೂರ್ತಿ 'ಕರಾವಳಿಯ ಗೊಮ್ಮಟಗಳಲ್ಲೇ ಟಾಲೆಸ್ಟ್' ಅಂದರೆ ಸುಪರ್ಲೇಟಿವ್. 'ಟಾಲರ್ ದ್ಯಾನ್ ಎನಿ ಅದರ್ ಗೊಮ್ಮಟ ಆನ್ ದ ಕೋಸ್ಟ್' ಕಂಪ್ಯಾರೆಟಿವ್. 'ನೋ ಅದರ್ ಗೊಮ್ಮಟ ಆನ್ ದ ಕೋಸ್ಟ್ ಈಸ್ ಆ್ಯಸ್ ಟಾಲ್ ಆ್ಯಸ್' ಪಾಸಿಟಿವ್. ಅದರ್ ಬಿಟ್ಟರೆ ಮೂರ್ತಿ ತನಗಿಂತ ತಾನೇ ಎತ್ತರ ಅಂದ ಹಾಗಾಗುತ್ತದೆ.

ವಯಸ್ಸಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದು 1604ರದ್ದು. ಕಾರ್ಕಳದ್ದು ಓಲ್ಡರ್. ಎಲ್ಡರ್ ಅಲ್ಲ, ಯಾಕೆಂದರೆ ಎಲ್ಡರ್ ಮುಖ್ಯವಾಗಿ ಮನೆಯವರಿಗೆ. ಭರತ ಬಾಹುಬಲಿಯ ಎಲ್ಡರ್ ಬ್ರದರ್ ಅನ್ನಬಹುದು. ಆದರೆ 'ಎಲ್ಡರ್ ದ್ಯಾನ್' ಅನ್ನುವ ಬಳಕೆ ಇಲ್ಲ. 'ಅಕ್ಕ ನನಗಿಂತ ದೊಡ್ಡವಳು' ಅನ್ನಲು ಓಲ್ಡರ್ ದ್ಯಾನ್ ಮಿ ಅನ್ನಬೇಕು. ಇನ್ನು ಕಾಲೇಜಿನ ಸೀನಿಯರ್, ಜೂನಿಯರ್. ಈ ಪದಗಳು ಲ್ಯಾಟಿನ್‌ನಿಂದ ಬರುವಾಗಲೇ ಕಂಪ್ಯಾರೆಟಿವ್ ಆಗಿದ್ದವು. ಇವುಗಳ ಜೊತೆ ದ್ಯಾನ್ ಬದಲು ಟು ಬರುತ್ತದೆ: ಸೀನಿಯರ್ ಟು ಮಿ, ಜೂನಿಯರ್ ಟು ಹರ್. ಸುಪೀರಿಯರ್, ಇನ್‌ಫೀರಿಯರ್‌ಗೂ ಇದೇ ಟು.