ಹಳೇ ಕಾರ್ಖಾನೆಯ ನೆಲದಲ್ಲಿ ಹೊಸ ಮನೆ: ವಿನ್ಯಾಸ ಶುರುವಾಗಬೇಕಾದ್ದು ಮಣ್ಣಿನಿಂದ

ಮುಚ್ಚಿಹೋದ ಕಾರ್ಖಾನೆ, ಹಳೇ ಪೆಟ್ರೋಲ್ ಬಂಕ್, ಪಾಳುಬಿದ್ದ ರೈಲ್ವೆ ಯಾರ್ಡು, ಕಲ್ಲಿದ್ದಲಿನಿಂದ ಗ್ಯಾಸ್ ತಯಾರಿಸುತ್ತಿದ್ದ ಘಟಕ. ನಗರದ ನಡುವಿನ ಇಂಥ ಜಾಗಗಳಲ್ಲಿ ಮನೆ ಕಟ್ಟಿದರೆ ಊರಾಚೆಯ ಹೊಲ, ಕೆರೆ ಉಳಿಯುತ್ತವೆ. ರಸ್ತೆ, ನೀರಿನ ಮಾರ್ಗ, ವಿದ್ಯುತ್, ಬಸ್ಸು ಎಲ್ಲವೂ ಅಲ್ಲಿ ಮೊದಲೇ ಇರುತ್ತವೆ. ಪರಿಸರದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ನಿವೇಶನ ಸಿಗುವುದು ಕಷ್ಟ. ತೊಡಕು ಬೇರೆ ಕಡೆ ಇದೆ. ‘ಹಸಿರು ಮನೆ’ ಎಂದಾಕ್ಷಣ ನಾವು ಯೋಚಿಸದೆ ಮಾಡುವ ಹಲವು ಕೆಲಸಗಳು ಈ ನೆಲದಲ್ಲಿ ಅಪಾಯ ತರುತ್ತವೆ. ಮಳೆನೀರು ಇಂಗಿಸುವುದು ಅದರಲ್ಲೊಂದು, ಗಾಳಿ ಸೋರದಂತೆ ಮನೆ ಕಟ್ಟುವುದು ಇನ್ನೊಂದು.

ಮೊದಲ ಕೆಲಸ ಅಗೆಯುವುದಲ್ಲ, ಹಳೇ ನಕ್ಷೆ ಹುಡುಕುವುದು. ಅಲ್ಲಿ ಯಾವ ಕಾರ್ಖಾನೆ ಇತ್ತು ಎಂಬುದಷ್ಟೇ ಗೊತ್ತಾದರೆ ಸಾಲದು. ಎಣ್ಣೆ ಟ್ಯಾಂಕ್ ಯಾವ ಮೂಲೆಯಲ್ಲಿತ್ತು, ಲೋಹದ ಬಿಡಿಭಾಗಗಳ ಜಿಡ್ಡು ತೊಳೆಯುತ್ತಿದ್ದದ್ದು ಎಲ್ಲಿ, ಟ್ರಾನ್ಸ್‌ಫಾರ್ಮರ್ ಎಲ್ಲಿ, ಬೂದಿ ಸುರಿದದ್ದು ಎಲ್ಲಿ ಎಂಬುದೂ ಬೇಕು. ಆಮೇಲೆ 10ರಿಂದ 25 ಮೀಟರ್ ಅಂತರದ ಚೌಕಗಳಾಗಿ ಜಾಗವನ್ನು ಹಂಚಿಕೊಂಡು 3–4 ಮೀಟರ್ ಆಳದ ಗುಂಡಿ ತೆಗೆಯುತ್ತಾರೆ. ಅದಕ್ಕಿಂತ ಕೆಳಗಿನದಕ್ಕೆ ಕೊಳವೆ ಇಳಿಸುತ್ತಾರೆ. ಗ್ಯಾಸ್ ಘಟಕದ ಜಾಗವಾದರೆ ಕೆಲವೊಮ್ಮೆ ಮಣ್ಣಿನಲ್ಲಿ ಗಾಢ ನೀಲಿ ತುಂಡುಗಳು ಕಾಣುತ್ತವೆ. ಗ್ಯಾಸ್ ಶುದ್ಧೀಕರಿಸಲು ಬಳಸಿ ಬಿಸಾಡಿದ ಕಬ್ಬಿಣದ ಆಕ್ಸೈಡ್ ಸೈನೈಡ್ ಜೊತೆ ಸೇರಿ ಆದ ಬಣ್ಣ ಅದು.

ತಪ್ಪುಗಳು ಹೆಚ್ಚಾಗಿ ಆಗುವುದು ಮಾದರಿ ತೆಗೆಯುವಾಗಲೇ. ಸೀಸ, ಆರ್ಸೆನಿಕ್ ಪರೀಕ್ಷೆಗೆ ಪ್ಲಾಸ್ಟಿಕ್ ಡಬ್ಬಿ ಸಾಕು. ಬೆಂಜೀನ್‌ನಂಥ ಆವಿಯಾಗುವ ವಸ್ತುಗಳಿಗೆ ಗಾಜಿನ ಸೀಸೆಯೇ ಬೇಕು. ಅದನ್ನು ಗಾಳಿಗೆ ಜಾಗವಿಲ್ಲದಂತೆ ಕಂಠಮಟ್ಟ ತುಂಬಿ, ಸುಮಾರು 4 ಡಿಗ್ರಿ ತಂಪಿನಲ್ಲಿ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಮಣ್ಣನ್ನು ಚೀಲಕ್ಕೆ ಹಾಕಿ ಬಿಸಿಲಲ್ಲಿ ಇಟ್ಟರೆ ಬೆಂಜೀನ್ ದಾರಿಯಲ್ಲೇ ಹಾರಿಹೋಗಿ, ‘ದೋಷವಿಲ್ಲ’ ಎಂಬ ವರದಿ ಬರುತ್ತದೆ.

ವರದಿ ಕೈಗೆ ಬಂದ ಮೇಲೆ ಕೇಳಬೇಕಾದ ಪ್ರಶ್ನೆ ‘ನೆಲ ಪೂರ್ತಿ ಶುದ್ಧವಾಗುತ್ತದೆಯೇ’ ಎಂದಲ್ಲ. ಹಾಗೆ ಆಗುವುದು ಅಪರೂಪ. ವಿಷದ ಮೂಲ, ಅದು ಸಾಗುವ ದಾರಿ, ಆ ದಾರಿಯ ಕೊನೆಯಲ್ಲಿರುವ ಮನುಷ್ಯ, ಈ ಮೂರು ಇದ್ದರೆ ಮಾತ್ರ ಅಪಾಯ. ಒಂದನ್ನು ಕಡಿದರೆ ಸಾಕು, ಆದರೆ ಕಡಿದದ್ದು ಮನೆ ನಿಂತಿರುವಷ್ಟು ಕಾಲ ಕಡಿದೇ ಇರಬೇಕು. ದಾರಿಗಳೋ, ಯಾರೂ ನೆನೆಸದ ಕಡೆ ತೆರೆದುಕೊಳ್ಳುತ್ತವೆ. ನೆದರ್ಲೆಂಡ್ಸ್‌ನ ಲೆಕ್ಕರ್‌ಕೆರ್ಕ್‌ನಲ್ಲಿ ಮನೆಗಳ ಅಡಿಯ ತುಂಬುಮಣ್ಣಿನಲ್ಲಿ ರಾಸಾಯನಿಕ ತ್ಯಾಜ್ಯದ ಪೀಪಾಯಿಗಳು ಹೂತಿದ್ದವು. ಅದರ ಟೊಲೀನ್, ಕ್ಸೈಲೀನ್ ಪ್ಲಾಸ್ಟಿಕ್ ನೀರಿನ ಕೊಳವೆಗಳನ್ನೇ ಹಾಳುಮಾಡಿದವು. 1980ರಲ್ಲಿ ನಿವಾಸಿಗಳನ್ನು ಸ್ಥಳಾಂತರಿಸಬೇಕಾಯಿತು. ಮಾಮೂಲಿ ಪಾಲಿಥೀನ್ ಪೈಪು ಒಡೆಯದಿದ್ದರೂ ಇಂಥ ದ್ರಾವಕಗಳನ್ನು ನಿಧಾನಕ್ಕೆ ಒಳಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಎಣ್ಣೆ ಸೋರಿದ ನೆಲದಲ್ಲಿ ನಡುವೆ ಅಲ್ಯೂಮಿನಿಯಂ ಪದರವಿರುವ ಪೈಪು ಹಾಕಿ, ಕಾಲುವೆಯನ್ನು ಶುಭ್ರ ಮರಳಿನಿಂದ ತುಂಬುತ್ತಾರೆ.

ಗ್ಯಾಸಿನ ದಾರಿ ಇನ್ನೂ ಮೋಸದ್ದು. ಹೂತ ಕಸ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ಗಾಳಿಯಲ್ಲಿ ಅದರ ಪಾಲು ಶೇಕಡಾ 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು. ಇಂಗ್ಲೆಂಡಿನ ಡರ್ಬಿಶೈರ್‌ನ ಲಾಸ್ಕೋ ಎಂಬಲ್ಲಿ 1986ರ ಮಾರ್ಚ್ 24ರಂದು ಒಂದು ಮನೆ ಸ್ಫೋಟಗೊಂಡದ್ದು ಪಕ್ಕದ ಹಳೇ ಕಸದ ಗುಂಡಿಯ ಗ್ಯಾಸಿನಿಂದ. ಅದಕ್ಕೆ ಮುಂಚಿನ ಕೆಲವು ಗಂಟೆಗಳಲ್ಲಿ ವಾತಾವರಣದ ಒತ್ತಡ ಸರ್ರನೆ ಇಳಿದಿತ್ತು. ಮೇಲಿನ ಒತ್ತಡ ಇಳಿದರೆ ಮಣ್ಣಿನ ರಂಧ್ರಗಳಲ್ಲಿರುವ ಗ್ಯಾಸ್ ಮೇಲಕ್ಕೆ ಉಬ್ಬಿ ಬರುತ್ತದೆ. ಹಾಗಾಗಿ ತಿಳಿ ಹವೆಯ ಒಂದು ದಿನ ಅಳೆದು ಸಹಿ ಹಾಕುವುದು ಅಳತೆಯೇ ಅಲ್ಲ. ತಿಂಗಳುಗಟ್ಟಲೆ, ಅದರಲ್ಲೂ ಒತ್ತಡ ಇಳಿಯುವ ದಿನಗಳಲ್ಲಿ ಅಳೆಯಬೇಕು.

ಇಂಧನ ಉಳಿಸಲೆಂದು ಬಿಗಿಯಾಗಿ ಕಟ್ಟಿದ ಮನೆಯ ಇಕ್ಕಟ್ಟು ಇಲ್ಲೇ ಇದೆ. ಒಳಗಿನ ಬೆಚ್ಚನೆಯ ಗಾಳಿ ಮೇಲೇರಿ ಹೊರಟಾಗ ಕೆಳಗೆ ಒತ್ತಡ ತಗ್ಗಿ, ಮನೆ ನೆಲದಿಂದಲೇ ಉಸಿರೆಳೆಯತೊಡಗುತ್ತದೆ. ಗೋಡೆಯಲ್ಲಿ ಬಿರುಕಿಲ್ಲದಿದ್ದರೆ ಒಳಬಂದ ಆವಿ ಒಳಗೇ ಉಳಿಯುತ್ತದೆ. ಪರಿಹಾರವೇನೋ ಸರಳ: ನೆಲದಡಿ ಗಾಳಿಯಾಡುವ ಟೊಳ್ಳು ಜಾಗ, ಅದರ ಮೇಲೆ ಗ್ಯಾಸ್ ತಡೆಯುವ ಹಾಳೆ. ಆ ಹಾಳೆಗೆ ತೂತು ಬೀಳುವುದು ಕಂಬಿ ಕಟ್ಟುವವರ ಬೂಟಿನಡಿ, ಕಂಬಿಯ ತುದಿಯಿಂದ. ಅದಕ್ಕಿಂತ ಹೆಚ್ಚಾಗಿ, ಚರಂಡಿ ಪೈಪು ಹಾಳೆಯನ್ನು ದಾಟುವ ಜಾಗದಲ್ಲಿ. ಅಲ್ಲಿ ಟೇಪು ಸುತ್ತಿ ಮುಗಿಸದೆ ಕೊರಳುಪಟ್ಟಿಯಂಥ ತಯಾರಿ ಭಾಗ ತೊಡಿಸಿ ಬೆಸೆಯಬೇಕು, ಹಾಳೆಯಡಿ ಹೊಗೆ ಬಿಟ್ಟು ನೋಡಬೇಕು. ಕಾಂಕ್ರೀಟ್ ಬಿದ್ದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ. ಟೊಳ್ಳಿನ ಗಾಳಿಗೆ ಫ್ಯಾನ್ ಇಡುವುದಕ್ಕಿಂತ ತಾನಾಗಿ ಗಾಳಿಯಾಡುವ ಕಿಂಡಿಗಳೇ ವಾಸಿ, ಫ್ಯಾನನ್ನು ಮೂವತ್ತು ವರ್ಷ ನೋಡಿಕೊಳ್ಳುವವರು ಸಿಗುವುದಿಲ್ಲ. ದಕ್ಷಿಣ ಲಂಡನ್ನಿನಲ್ಲಿ 2002ರಲ್ಲಿ ಮುಗಿದ ಬೆಡ್‌ಝೆಡ್ ಎಂಬ ಪರಿಸರಸ್ನೇಹಿ ವಸತಿ ಸಮುಚ್ಚಯದಲ್ಲೂ ಹೀಗೇ ಆಯಿತು. ದಪ್ಪ ಶಾಖನಿರೋಧಕ ಗೋಡೆಗಳು ಇಂದಿಗೂ ಕೆಲಸ ಮಾಡುತ್ತಿವೆ, ಮರದ ಚಕ್ಕೆ ಉರಿಸಿ ಶಾಖ ಮತ್ತು ವಿದ್ಯುತ್ ಕೊಡಬೇಕಿದ್ದ ಯಂತ್ರ ಕೆಲವೇ ವರ್ಷಗಳಲ್ಲಿ ನಿಂತಿತು.

ಇನ್ನು ವಿಷ ಸೇರಿದ ಮಣ್ಣಿನ ಮಾತು. ‘ಎಲ್ಲ ಅಗೆದು ಹೊರಗೆ ಸಾಗಿಸಿಬಿಡಿ’ ಎನ್ನುವುದು ಸುಲಭ. ಒಂದು ಹೆಕ್ಟೇರಿನಲ್ಲಿ ಒಂದೇ ಮೀಟರ್ ಆಳ ಅಗೆದರೂ 10,000 ಘನ ಮೀಟರ್, ಅಂದರೆ ಸುಮಾರು 18,000 ಟನ್. 20 ಟನ್ನಿನ ಲಾರಿಗೆ 900 ಲೋಡು, ಆ ಗುಂಡಿ ತುಂಬಲು ಒಳ್ಳೆಯ ಮಣ್ಣು ತರಲು ಮತ್ತಷ್ಟೇ. ಇಷ್ಟು ಡೀಸೆಲ್ ಸುಟ್ಟು ಸಮಸ್ಯೆಯನ್ನು ಇನ್ನೊಂದು ಊರಿಗೆ ದಾಟಿಸಿದ್ದಾಯಿತು. ಡೀಸೆಲ್ ಸೋರಿದ ಮಣ್ಣಾದರೆ ಅಲ್ಲೇ ದಿಬ್ಬ ಮಾಡಿ, ಇಂಗಾಲ, ಸಾರಜನಕ, ರಂಜಕ ಸುಮಾರು 100:10:1 ಇರುವಂತೆ ಗೊಬ್ಬರ ಬೆರೆಸಿ, ತೇವ ಕಾಯ್ದು, ಆಗಾಗ ಮಗುಚಿದರೆ ಕೆಲವು ತಿಂಗಳಲ್ಲಿ ಬ್ಯಾಕ್ಟೀರಿಯಾಗಳೇ ಅದನ್ನು ತಿಂದು ಮುಗಿಸುತ್ತವೆ. ಸೀಸವನ್ನು ಯಾವ ಬ್ಯಾಕ್ಟೀರಿಯಾವೂ ಇಲ್ಲವಾಗಿಸದು. ಅದನ್ನು ಸಿಮೆಂಟ್ ಬೆರೆಸಿ ಕಟ್ಟಿಹಾಕುತ್ತಾರೆ, ಆದರೆ ಕೈ ಬಿಗಿಹಿಡಿದು. ಕ್ಷಾರ ಅತಿಯಾದರೆ ಸೀಸ ಮತ್ತೆ ಕರಗಿ ನೀರಿಗಿಳಿಯುತ್ತದೆ.

ಹಳೇ ಕಟ್ಟಡದ ಕಾಂಕ್ರೀಟನ್ನು ಪುಡಿಮಾಡಿ ಅಲ್ಲೇ ಬಳಸುವುದು ಒಳ್ಳೆಯದು. ಕೆಡವುವ ಮೊದಲೇ ಕಲ್ನಾರು ಹಾಳೆಗಳನ್ನು ಬಿಡಿಸಿ ತೆಗೆದಿರಬೇಕು ಅಷ್ಟೆ. ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಮಾತ್ರ ನೆಲದಡಿ ತುಂಬಲೇಬಾರದು ಎಂಬುದು ನಮ್ಮ ಅಭಿಪ್ರಾಯ. ಅದರಲ್ಲಿರುವ ಸುಣ್ಣ, ಮೆಗ್ನೀಷಿಯಾ ವರ್ಷಗಟ್ಟಲೆ ನೀರು ಹೀರಿ ಹಿಗ್ಗುತ್ತವೆ, ನೆಲ ಉಬ್ಬಿ ಬಿರಿಯುತ್ತದೆ.

ನೀರಿಗೆ ಬಂದರೆ, ಇಂಗುಗುಂಡಿ ಇಲ್ಲಿ ಮೇಲಿನ ವಿಷವನ್ನು ತೊಳೆದು ಅಂತರ್ಜಲಕ್ಕೆ ಇಳಿಸುವ ಲಾಳಿಕೆ. ಮಳೆನೀರನ್ನು ಟ್ಯಾಂಕಿನಲ್ಲಿ, ಹಸಿರು ಚಾವಣಿಯಲ್ಲಿ, ತಳಕ್ಕೆ ಹಾಳೆ ಹಾಸಿದ ಕೊಳದಲ್ಲಿ ಹಿಡಿದಿಡಬೇಕು. ಪೈಲ್, ಅಂದರೆ ಅಡಿಪಾಯದ ಉದ್ದನೆಯ ಕಂಬ, ನೆಲಕ್ಕೆ ಇಳಿಸುವಾಗಲೂ ಇದೇ ಎಚ್ಚರ ಬೇಕು. ಜೇಡಿಮಣ್ಣಿನ ಪದರ ತೂತಾದರೆ, ನೀರಿಗಿಂತ ಭಾರವಾದ ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕ ಆ ಸಂದಿನಲ್ಲೇ ಕೆಳಗಿಳಿಯುತ್ತದೆ.

ಕೈತೋಟಕ್ಕೆ ಸಾಮಾನ್ಯವಾಗಿ 600 ಮಿಲಿಮೀಟರ್ ಶುಭ್ರ ಮಣ್ಣು ಹಾಕಿ, ಅದರ ತಳದಲ್ಲಿ ಕಿತ್ತಳೆ ಬಣ್ಣದ ಬಲೆ ಹಾಸುತ್ತಾರೆ. ಗುದ್ದಲಿಗೆ ಬಲೆ ಸಿಕ್ಕರೆ ಅಲ್ಲಿಗೆ ನಿಲ್ಲಿಸಬೇಕು. ಹತ್ತು ವರ್ಷದ ನಂತರ ಬಂದ ಮಾಲೀಕರಿಗೆ ಆ ಬಲೆಯ ಅರ್ಥ ತಿಳಿಯಬೇಕಾದರೆ ಅದು ಕ್ರಯಪತ್ರದ ಜೊತೆಗಿನ ನಕ್ಷೆಯಲ್ಲಿ ಆಳದ ಸಮೇತ ಇರಬೇಕು. ಗಾಳಿ ಕಿಂಡಿಗಳಿರುವ ಜಾಗವೂ ಅಷ್ಟೇ. ಅಂಗಳಕ್ಕೆ ಟೈಲ್ಸ್ ಹಾಕಿಸುವಾಗ ಅವು ಮುಚ್ಚಿಹೋಗುವುದು ತೀರಾ ಸಾಮಾನ್ಯ. ತಪಾಸಣೆಗೆಂದು ಇಳಿಸಿದ ಕೊಳವೆಗಳನ್ನು ಕೆಲಸ ಮುಗಿದ ಮೇಲೆ ಮಣ್ಣು ತುಂಬಿ ಬಿಡುವಂತಿಲ್ಲ. ಬೆಂಟೋನೈಟ್ (ನೀರು ಹೀರಿ ಉಬ್ಬುವ ಜೇಡಿಮಣ್ಣು) ಮತ್ತು ಸಿಮೆಂಟಿನ ಗಂಜಿಯನ್ನು ತಳದಿಂದ ಮೇಲಕ್ಕೆ ತುಂಬಿ ಮುಚ್ಚಬೇಕು, ಇಲ್ಲದಿದ್ದರೆ ವಿಷ ಹುಡುಕಲು ತೋಡಿದ ತೂತೇ ಅದು ಆಳಕ್ಕಿಳಿಯುವ ದಾರಿಯಾಗುತ್ತದೆ.