ಕಾರು ಮಲಗುವ ತನಕ ಮೀಟರ್ ನಂಬಬೇಡಿ

ಮೂರು ದಿನ ನಿಲ್ಲಿಸಿದ ಕಾರು ಸೆಲ್ಫ್ ಹೊಡೆಯದಿದ್ದರೆ ಕೂಡಲೇ ಹೊಸ ಬ್ಯಾಟರಿ ಹಾಕಿಸುವವರು ಬಹಳ. ಅವರಿಗಿಂತ ಹೆಚ್ಚು ಸಂಕಟವಾಗುವುದು, ನಿಂತ ಕಾರು ಬ್ಯಾಟರಿಯಿಂದ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಮಲ್ಟಿಮೀಟರ್ ಇಟ್ಟು ನೋಡಿಯೂ ದಾರಿ ತಪ್ಪಿದವರನ್ನು ಕಂಡಾಗ. ‘ಎರಡು ಆಂಪಿಯರ್ ಲೀಕ್ ಆಗ್ತಿದೆ, ವೈರಿಂಗ್ ಪೂರ್ತಿ ಬದಲಿಸಬೇಕಂತೆ’ ಎಂದು ಗಾಬರಿಯಲ್ಲಿ ಬರುತ್ತಾರೆ. ಯಾವಾಗ ನೋಡಿದಿರಿ ಎಂದು ಕೇಳಿದರೆ, ಕೀ ತೆಗೆದ ಎರಡೇ ನಿಮಿಷಕ್ಕೆ. ಆ ಹೊತ್ತಿನಲ್ಲಿ ಯಾವ ದೋಷವೂ ಇಲ್ಲದ ಕಾರು ಕೂಡ ಅಷ್ಟು ತೋರಿಸಬಹುದು.

ಲಾಕ್ ಮಾಡಿದ ಮೇಲೂ ಕಾರಿನ ಮಾಡ್ಯೂಲ್‌ಗಳು, ಅಂದರೆ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆಗಳು, ಎಚ್ಚರವಾಗಿಯೇ ಇದ್ದು, ಒಂದೊಂದಾಗಿ ಮಲಗುತ್ತವೆ. ಕೆಲವು ಕಾರುಗಳಲ್ಲಿ ಹತ್ತು ನಿಮಿಷ ಸಾಕು, ಕೆಲವದಕ್ಕೆ ಮುಕ್ಕಾಲು ಗಂಟೆಯೂ ಬೇಕು. ಎಲ್ಲ ಮಲಗಿದ ಮೇಲೆ ಹರಿಯುವ ಕರೆಂಟ್ ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. ನಿಖರವಾದ ಮಿತಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಸರ್ವಿಸ್ ಮ್ಯಾನ್ಯುವಲ್ ನೋಡಿಯೇ ಹೇಳಬೇಕು.

ಕಾಯುವುದೆಂದರೆ ಎಬ್ಬಿಸದೆ ಕಾಯುವುದು. ಫ್ಯೂಸ್ ಬಾಕ್ಸ್ ಒಳಗಿದ್ದರೆ ಮೊದಲೇ ಬಾಗಿಲು ತೆರೆದು, ಬಾಗಿಲಿನ ಲ್ಯಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿಬಿಡಿ. ಬಾಗಿಲು ಹಾಕಿದೆ ಎಂದೇ ಕಾರು ತಿಳಿಯುತ್ತದೆ. ಬಾನೆಟ್ ಲ್ಯಾಚಿಗೂ ಹೀಗೇ. ಸ್ಮಾರ್ಟ್ ಕೀ ಜೇಬಿನಲ್ಲಿದ್ದರೆ ಕಾರು ಮಲಗದೇ ಇರಬಹುದು, ಅದನ್ನು ಮನೆಯೊಳಗೆ ಇಟ್ಟು ಬನ್ನಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ಅದಕ್ಕೆ ಬಿಗಿದ ಕೇಬಲ್‌ನ ಕ್ಲಾಂಪ್‌ಗೂ ಮೊದಲು ಒಂದು ಜಂಪರ್ ವೈರ್ (ಎರಡೂ ತುದಿಯಲ್ಲಿ ಕ್ಲಿಪ್ ಇರುವ ವೈರ್) ಸಿಕ್ಕಿಸಿ, ಆಮೇಲೆ ಕ್ಲಾಂಪ್ ಕಳಚಿ. ಅವೆರಡರ ನಡುವೆಯೇ ಮೀಟರನ್ನು 10 ಆಂಪಿಯರ್ ಸಾಕೆಟ್‌ನಲ್ಲಿ ಜೋಡಿಸಿ. ಕಾರು ಮಲಗಿದ ಮೇಲಷ್ಟೇ ಜಂಪರ್ ತೆಗೆದು ರೀಡಿಂಗ್ ನೋಡಿ. ಜಂಪರ್ ಇಲ್ಲದೆ ಕ್ಲಾಂಪ್ ಕಳಚಿ ಮತ್ತೆ ಜೋಡಿಸಿದರೆ ಮಾಡ್ಯೂಲ್‌ಗಳೆಲ್ಲ ಎದ್ದು ಕೂರುತ್ತವೆ, ಕಾಯುವ ಕೆಲಸ ಮೊದಲಿನಿಂದ. ಮೀಟರ್ ಸಾಲಿನಲ್ಲಿರುವಾಗ ಇಗ್ನಿಷನ್ ಹಾಕಲೇಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ರೀಡಿಂಗ್ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುವುದು ಹಳೆಯ ರೂಢಿ. ಇಂದಿನ ಕಾರಿಗೆ ಅದು ಬೇಡ. ಕಿತ್ತ ಫ್ಯೂಸನ್ನು ಮತ್ತೆ ಹಾಕುವಾಗ ಮಲಗಿದ್ದ ಮಾಡ್ಯೂಲ್ ಏಳುತ್ತದೆ. ಕಿತ್ತ ಕ್ಷಣ ಸಿಕ್ಕಿಕೊಂಡಿದ್ದ ದೋಷ ತಾನಾಗಿ ಬಿಟ್ಟುಹೋಗುವುದೂ ಉಂಟು. ಫ್ಯೂಸ್ ಅಲ್ಲೇ ಇರಲಿ. ಅದರ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಪ್ರೋಬ್ ಇಟ್ಟು ಮಿಲಿವೋಲ್ಟ್ ನೋಡಿ. ಸೊನ್ನೆ ಇದ್ದರೆ ಆ ದಾರಿಯಲ್ಲಿ ಕರೆಂಟ್ ಹೋಗುತ್ತಿಲ್ಲ. 10 ಆಂಪಿಯರ್‌ನ ಮಿನಿ ಫ್ಯೂಸ್ ಮೇಲೆ 1 ಮಿಲಿವೋಲ್ಟ್ ಬಂದರೆ ಸುಮಾರು 130 ಮಿಲಿಆಂಪಿಯರ್ ಹರಿಯುತ್ತಿದೆ ಎಂದು ಲೆಕ್ಕ. ಮಿಲಿವೋಲ್ಟಿನ ಹತ್ತನೇ ಒಂದು ಭಾಗವನ್ನಾದರೂ ತೋರಿಸುವ ಮೀಟರ್ ಬೇಕು.

ಸಿಕ್ಕಿಬೀಳುವವು ಹೆಚ್ಚಾಗಿ ಹೊರಗೆ ಹಾಕಿಸಿದ ಸಾಮಾನುಗಳೇ: ಸದಾ ಕರೆಂಟ್ ಬೇಕಾದ ಹಳದಿ ವೈರ್, ಕೀ ಹಾಕಿದಾಗ ಮಾತ್ರ ಬೇಕಾದ ಕೆಂಪು ವೈರ್ ಎರಡನ್ನೂ ಸೇರಿಸಿ ನೇರ ಲೈನಿಗೆ ಕೊಟ್ಟ ಸ್ಟೀರಿಯೋ, ಪಾರ್ಕಿಂಗ್ ಮೋಡ್‌ನ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್. ಆರದೆ ಉರಿಯುವ 5 ವ್ಯಾಟ್‌ನ ಡಿಕ್ಕಿ ಬಲ್ಬ್ ಒಂದೇ ದಿನಕ್ಕೆ ಸುಮಾರು 10 ಆಂಪಿಯರ್-ಅವರ್ ತಿನ್ನುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿಯ ಸಾಮರ್ಥ್ಯವೇ ಸುಮಾರು 35. ಯಾವ ಫ್ಯೂಸ್ ಮೇಲೂ ಏನೂ ಕಾಣದಿದ್ದರೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಡಯೋಡ್ ಮೇಲೆ ಅನುಮಾನ ಪಡಿ. ಬ್ಯಾಟರಿ ಪೂರ್ತಿ ಕಳಚಿ, ಆಲ್ಟರ್ನೇಟರ್‌ನ ದಪ್ಪ ವೈರ್ ಬಿಚ್ಚಿ ಟೇಪ್ ಸುತ್ತಿ, ಮತ್ತೆ ಕಾರನ್ನು ಮಲಗಿಸಿ ಅಳೆಯಿರಿ; ರೀಡಿಂಗ್ ಇಳಿದರೆ ದೋಷ ಅಲ್ಲೇ.

ಬೇಸ್‌ಮೆಂಟಿನಲ್ಲಿ ಕಾರು ಬಿಟ್ಟು ತಿಂಗಳುಗಟ್ಟಲೆ ಮಕ್ಕಳ ಬಳಿ ಅಮೆರಿಕಕ್ಕೆ ಹೋಗಿಬರುವ ಹಿರಿಯರಿಗೆ ಒಂದು ಮಾತು. 50 ಮಿಲಿಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್, ತಿಂಗಳಿಗೆ 36. ನಿಮ್ಮ ಕಾರಿನಲ್ಲಿ ದೋಷ ಇಲ್ಲದಿದ್ದರೂ ಬ್ಯಾಟರಿ ಖಾಲಿಯಾಗಬಹುದು. ಹೋಗುವ ಮುನ್ನ ನೆಗೆಟಿವ್ ಕ್ಲಾಂಪ್ ಕಳಚಿಸಿ, ಬ್ಯಾಟರಿ ಮತ್ತೆ ಜೋಡಿಸಿದಾಗ ಸ್ಟೀರಿಯೋ ಕೇಳುವ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ.